ತಡವಾಗಿ ಬಂದ ಮೂರನೆಯ ಜೋಯಿಸ

ಕ್ರಿಸ್ಮಸ್ ಎಂಬುದೇ ಸಿದ್ಧತೆಯಿಲ್ಲದ ಒಂದು ಪ್ರಯಾಣದ ಕತೆ ಎಂದು ನಮ್ಮ ಅಮ್ಮ ಪ್ರತಿ ಡಿಸೆಂಬರಿನಲ್ಲಿಯೂ ನೆನಪಿಸುತ್ತಾರೆ. ಲೂಕನ ಸುವಾರ್ತೆಯ ಪ್ರಕಾರ ಯೋಸೇಫನು ತುಂಬು ಗರ್ಭಿಣಿಯಾದ ಮರಿಯಳನ್ನು ಕರೆದುಕೊಂಡು ಖಾನೇಷುಮಾರಿಗೆ ಹೆಸರು ಬರೆಸಲೆಂದು ನಜರೇತಿನಿಂದ ಬೆತ್ಲೆಹೇಮಿಗೆ ಹೊರಟನು. ನೂರು ಕಿಲೋಮೀಟರಿಗೂ ಮೀರಿದ ಆ ದಾರಿಯನ್ನು ಸವೆಸಿ ತಲುಪಿದಾಗ ಛತ್ರದಲ್ಲಿ ಸ್ಥಳವಿರಲಿಲ್ಲ. ‘ಗಂಡಸರ ಕೈಗೆ ಏರ್ಪಾಡು ಕೊಟ್ಟರೆ ಹೀಗೆಯೇ’ ಎಂಬುದು ಅಮ್ಮನ ವ್ಯಾಖ್ಯಾನ. ಹಾಗಾಗಿ ತಮ್ಮನ ಮನೆಗೆ ಹಬ್ಬಕ್ಕೆ ಹೋಗುವುದೆಂದು ನಿಶ್ಚಯವಾದಾಗ ಆರು ಮಂದಿಯ ಪ್ರಯಾಣದ ಏರ್ಪಾಡು ನನ್ನ ಪಾಲಿಗೆ ಬಂತು.

ನಾನು ಮಾಡಿದ ಮೊದಲ ತಪ್ಪು ಉಡುಗೊರೆಗಳನ್ನು ಮನೆಯಲ್ಲಿಯೇ ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ, ಕೈಚೀಲದಲ್ಲಿ ಜೋಡಿಸಿದ್ದು. ಒಂದು ಇಡೀ ಸಂಜೆ ಅದಕ್ಕೆ ವ್ಯಯವಾಗಿತ್ತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಎಕ್ಸ್-ರೇ ಪರದೆಯ ಮೇಲೆ ಯಾವುದೋ ಆಕಾರ ಅನುಮಾನ ಹುಟ್ಟಿಸಿದ್ದರಿಂದ, ಕೈಗವಸು ತೊಟ್ಟ ಅಧಿಕಾರಿ ಬಹಳ ನಯವಾಗಿ, ಅಂಟುಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ, ಹಸಿರು ಕಾಗದವನ್ನು ಬಿಡಿಸತೊಡಗಿದರು. ಹೊರಬಂದದ್ದು ಅಪ್ಪನಿಗೆಂದು ತಂದಿದ್ದ ಕ್ಷೌರದ ಯಂತ್ರ. ಅಪ್ಪ ಪಕ್ಕದಲ್ಲಿಯೇ ಬೆಲ್ಟು ಕೈಯಲ್ಲಿ ಹಿಡಿದು ನಿಂತಿದ್ದರು. ‘ನಾನೇನೂ ನೋಡಲಿಲ್ಲ ಕಣಮ್ಮ’ ಎಂದು ಛಾವಣಿಯ ಕಡೆ ಮುಖ ಮಾಡಿದರು. ಎರಡು ದಿನಗಳ ನಂತರ, ಡಿಸೆಂಬರ್ 25ರ ಬೆಳಿಗ್ಗೆ, ಅದೇ ಪೊಟ್ಟಣವನ್ನು ಬಿಚ್ಚುವಾಗ ಅವರು ತೋರಿದ ಅಚ್ಚರಿ ಎಷ್ಟು ಅತಿಯಾಗಿತ್ತೆಂದರೆ, ಏನೂ ತಿಳಿಯದಿದ್ದ ತಮ್ಮನಿಗೂ ಗುಮಾನಿ ಬಂತು.

ಮಗ ತನ್ನ ಸೋದರಮಾವನ ಮಗಳಿಗೆಂದು ಆರಿಸಿದ್ದ, ಅಲುಗಾಡಿಸಿದರೆ ಒಳಗೆ ಹಿಮ ಉದುರುವ ಗಾಜಿನ ಗೋಳವು ಅಲ್ಲಿಯೇ ಉಳಿಯಿತು. ಅದು ಆಟಿಕೆಯೆಂದು ನಾವು ತಿಳಿದಿದ್ದೆವು. ತಪಾಸಣೆಯವರ ದೃಷ್ಟಿಯಲ್ಲಿ ಅದು 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವ. 2006ರಲ್ಲಿ ದ್ರವ ಸ್ಫೋಟಕಗಳಿಂದ ವಿಮಾನಗಳನ್ನು ಉರುಳಿಸುವ ಸಂಚು ಬಯಲಾದ ಮೇಲೆ ಬಂದ ನಿಯಮವಿದು. ಹಿಮದ ಗೋಳವನ್ನು ಒಯ್ಯಲೇಬೇಕಾದರೆ ಬಟ್ಟೆಗಳ ನಡುವೆ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಕು. ಪವರ್ ಬ್ಯಾಂಕಿನ ವಿಷಯ ಇದಕ್ಕೆ ತಿರುಗುಮುರುಗು: ಲಿಥಿಯಂ ಬ್ಯಾಟರಿ ಸರಕಿನ ಕೋಣೆಯಲ್ಲಿ ಹೊತ್ತಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಅದು ಕೈಚೀಲದಲ್ಲಿಯೇ ಇರಬೇಕು. ಈಗ ನಾನು ಉಡುಗೊರೆಗಳನ್ನು ಸುತ್ತದೆಯೇ ಒಯ್ಯುತ್ತೇನೆ. ಕಾಗದ, ಅಂಟುಪಟ್ಟಿ ಮತ್ತು ಕತ್ತರಿ ದೊಡ್ಡ ಪೆಟ್ಟಿಗೆಗೆ ಹೋಗುತ್ತವೆ, ಸುತ್ತುವ ಕೆಲಸ 24ರ ರಾತ್ರಿ ಬಾಗಿಲು ಹಾಕಿಕೊಂಡು ನಡೆಯುತ್ತದೆ.

ಇನ್ನು ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯದ, ಬೊಂಬೆಗಳ ಪ್ರಸಂಗ. ಅವು ಅಮ್ಮನಿಗೆ ಅವರ ತಾಯಿಯಿಂದ ಬಂದ ಮಣ್ಣಿನ ಬೊಂಬೆಗಳು. ಅವಿಲ್ಲದೆ ಹಬ್ಬವಿಲ್ಲವೆಂದು ಅಮ್ಮ ಪಟ್ಟು ಹಿಡಿದಿದ್ದರು. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು ಹಾಸಿ, ಜೀವಂತ ಎತ್ತನ್ನೂ ಕತ್ತೆಯನ್ನೂ ನಿಲ್ಲಿಸಿ ಗೋದಲಿ ಮಾಡಿದರಂತೆ. ಎತ್ತು ಮತ್ತು ಕತ್ತೆ ತಾವಾಗಿಯೇ ನಡೆದು ಬರುತ್ತವೆ, ಅವುಗಳನ್ನು ಕಾಲುಚೀಲದಲ್ಲಿ ತುರುಕಬೇಕಾಗಿಲ್ಲ. ನಾನು ಒಂದೊಂದು ಬೊಂಬೆಯನ್ನೂ ಒಂದೊಂದು ಉಣ್ಣೆಯ ಕಾಲುಚೀಲದಲ್ಲಿ ಇಳಿಸಿ, ಒಂದು ಪೆಟ್ಟಿಗೆ ಕಳೆದರೂ ಎಲ್ಲವೂ ಹೋಗದಿರಲೆಂದು ನಾಲ್ಕು ಪೆಟ್ಟಿಗೆಗಳಿಗೆ ಹಂಚಿದೆ. ಈ ಜಾಣತನದ ಫಲವಾಗಿ, ತಲುಪಿದ ಮೂರು ಪೆಟ್ಟಿಗೆಗಳಲ್ಲಿ ಬಾಲಯೇಸು, ಮರಿಯ, ಯೋಸೇಫ, ಕುರಿಗಳು ಹಾಗೂ ಶಿಶುವನ್ನು ನೋಡಲು ಪೂರ್ವದಿಂದ ಕಾಣಿಕೆ ಹೊತ್ತು ಬಂದ ಜೋಯಿಸರಲ್ಲಿ ಇಬ್ಬರು ಸಿಕ್ಕರು. ಮೂರನೆಯ ಜೋಯಿಸ ನನ್ನ ಗಂಡನ ಬಟ್ಟೆಗಳೊಂದಿಗೆ ಎಲ್ಲಿಯೋ ಉಳಿದಿದ್ದ. ನನ್ನವರು ನಾಲ್ಕು ದಿನ ತಮ್ಮನ ಅಂಗಿಗಳನ್ನೇ ತೊಟ್ಟರು, ಅವುಗಳ ಗುಂಡಿಗಳು ಹೊಟ್ಟೆಯ ಮೇಲೆ ಪ್ರತಿಭಟಿಸುತ್ತಿದ್ದವು.

ಸಾಮಾನಿನ ಚೀಟಿಯ ಹತ್ತು ಅಂಕಿಗಳನ್ನು ಬರೆದುಕೊಂಡ ಗುಮಾಸ್ತರು, 21 ದಿನಗಳೊಳಗೆ ಬಾರದಿದ್ದರೆ ಮಾತ್ರ ಕಳೆದುಹೋಯಿತೆಂದು ಪರಿಗಣಿಸಬಹುದೆಂದರು. ಅಂತರರಾಷ್ಟ್ರೀಯ ವಿಮಾನಯಾನಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಗಡುವು ಅದು. ಅಮ್ಮ ಮಾತ್ರ ಎಳ್ಳಷ್ಟೂ ವಿಚಲಿತರಾಗಲಿಲ್ಲ. ಜೋಯಿಸರು ಮೂವರೆಂದು ಮತ್ತಾಯನ ಸುವಾರ್ತೆ ಎಲ್ಲಿಯೂ ಹೇಳಿಲ್ಲ, ಚಿನ್ನ, ಧೂಪ, ರಕ್ತಬೋಳವೆಂಬ ಮೂರು ಕಾಣಿಕೆಗಳನ್ನು ನೋಡಿ ಜನರು ಹಾಗೆ ಲೆಕ್ಕ ಹಾಕಿದ್ದಾರೆ, ಅಲ್ಲದೆ ಅವರ ಹಬ್ಬ ಇರುವುದೇ ಜನವರಿ 6ಕ್ಕೆ ಎಂದು ವಾದಿಸಿದರು.

ಪೆಟ್ಟಿಗೆ 27ರಂದು ಬಂತು. ಜೋಯಿಸನ ಕಿರೀಟದ ಒಂದು ಮೂಲೆ ಚಕ್ಕೆ ಎದ್ದಿತ್ತು, ಮತ್ತಾವ ಊನವೂ ಇರಲಿಲ್ಲ. ಆದರೆ ಅವನನ್ನು ನೇರವಾಗಿ ಗೋದಲಿಗೆ ಸೇರಿಸಲು ಅಮ್ಮ ಒಪ್ಪಲಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟು, ದಿನಕ್ಕೊಂದು ಗೇಣಿನಂತೆ ಮುಂದೆ ಸರಿಸುವ ಜವಾಬ್ದಾರಿಯನ್ನು ಮಗನಿಗೆ ವಹಿಸಿದರು. ನಮ್ಮ ಹಿಂದಿರುಗುವ ಟಿಕೆಟ್ಟು ಜನವರಿ 3ಕ್ಕೆ ಇತ್ತು. ಅಂದು ಬೆಳಿಗ್ಗೆ ಅವನು ಗೋದಲಿಗೆ ಮೂರು ಗೇಣು ದೂರದಲ್ಲಿ, ದೂರದರ್ಶನದ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ. ಮಗ ಅವನನ್ನು ಎತ್ತಿಕೊಂಡು, ಅಜ್ಜಿಯ ಅನುಮತಿ ಪಡೆದು, ಕಾಲುಚೀಲಕ್ಕೆ ಇಳಿಸಿ ತನ್ನ ಜೇಬಿನಲ್ಲಿ ಹಾಕಿಕೊಂಡ.