ನರಿಯ ಜಂತುಹುಳು: ಪರೀಕ್ಷಾ ವಿಧಾನಗಳನ್ನು ಹೋಲಿಸುವುದು ಹೇಗೆ?

ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರಾ ಧಾಮದ ಸುತ್ತಲಿನಂಥ ಕುರುಚಲು ಬಯಲುಗಳಲ್ಲಿ ಕಾಡುಪ್ರಾಣಿ, ಕುರಿಹಿಂಡು ಮತ್ತು ಹಿಂಡು ಕಾಯುವ ನಾಯಿ ಒಂದೇ ನೆಲ ತುಳಿಯುವುದರಿಂದ, ನರಿಗಳ ಹೊಟ್ಟೆಯಲ್ಲಿ ಯಾವ ಹುಳುಗಳಿವೆ ಎಂದು ತಿಳಿಯುವುದು ಪಶುವೈದ್ಯ ವಿದ್ಯಾರ್ಥಿಗಳಿಗೆ ಉಪಯುಕ್ತ ಅಧ್ಯಯನ. ಆದರೆ ಪರೀಕ್ಷೆ ಬದಲಾದರೆ ಉತ್ತರವೂ ಬದಲಾಗುತ್ತದೆ. ವಿಧಾನಗಳ ಹೋಲಿಕೆ ಕೆಡುವುದು ಸೂಕ್ಷ್ಮದರ್ಶಕದಲ್ಲಿ ನೋಡುವ ಹಂತಕ್ಕಿಂತ ಹೆಚ್ಚಾಗಿ ಮಾದರಿಯನ್ನು ಪಾಲು ಮಾಡುವ ಹಂತದಲ್ಲಿ.

ಅರಣ್ಯ ಇಲಾಖೆಯ ಅನುಮತಿ ಪಡೆದು, ಕೈಗವಸು ಮತ್ತು ಮುಖಗವಸು ಧರಿಸಿ ತಾಜಾ ಹಿಕ್ಕೆ ಸಂಗ್ರಹಿಸಿ. ಅದು ನಾಯಿಯದ್ದೂ ಆಗಿರಬಹುದಾದ್ದರಿಂದ ಡಿಎನ್ಎ ಮೂಲಕ ಖಚಿತಪಡಿಸಿಕೊಳ್ಳಬೇಕು. ನಂತರ ಪ್ರಯೋಗಾಲಯದಲ್ಲಿ ಅದೇ ಹಿಕ್ಕೆಯನ್ನು ಕಲಸಿ ಮೂರು ಪಾಲು ಮಾಡಿ. ಶ್ವಾಸಕೋಶದ ಹುಳುವಿನ ಮರಿಗಳು ತಾವಾಗಿಯೇ ನೀರಿಗಿಳಿಯುವುದನ್ನು ನಂಬಿರುವ ಬೇರ್ಮನ್ ವಿಧಾನಕ್ಕೆ ಅವು ಜೀವಂತವಾಗಿರಬೇಕು. ಆ ಪಾಲನ್ನು ಹೆಪ್ಪುಗಟ್ಟಿಸಬಾರದು. ಪಿಸಿಆರ್ (ಹುಳುವಿನ ಡಿಎನ್ಎಯನ್ನು ನಕಲು ಮಾಡಿ ಹೆಚ್ಚಿಸಿ ಗುರುತಿಸುವ ಪರೀಕ್ಷೆ) ಪಾಲು ಎಥನಾಲ್‌ನಲ್ಲಿರಲಿ, ಏಕೆಂದರೆ ಫಾರ್ಮಲಿನ್ ಡಿಎನ್ಎಯನ್ನು ಹಾಳುಮಾಡುತ್ತದೆ. ಮೊಟ್ಟೆ ತೇಲಿಸುವ ಪಾಲನ್ನು ಫಾರ್ಮಲಿನ್‌ನಲ್ಲಿಟ್ಟರೂ ನಡೆದೀತು. ಆದರೆ ಈ ದ್ರವಗಳು ಮನುಷ್ಯರಿಗೂ ರೋಗ ತರುವ ಎಕಿನೊಕಾಕಸ್ ಲಾಡಿಹುಳುವಿನ ಮೊಟ್ಟೆಗಳನ್ನು ಕೊಲ್ಲುತ್ತವೆ ಎಂದು ನಂಬಬೇಡಿ. ಮೈನಸ್ 80 ಡಿಗ್ರಿಯಲ್ಲಿ ಕೆಲವು ದಿನ ಇಟ್ಟರೆ ಅವು ಸಾಯುತ್ತವೆ. ಮನೆಯ ಫ್ರೀಜರ್ ಸಾಲದು.

ತೇಲಿಸುವ ವಿಧಾನದಲ್ಲಿ ಹಿಕ್ಕೆಯನ್ನು ಸೋಸಿ, ಸುಮಾರು 1.2 ಸಾಂದ್ರತೆಯ ಜಿಂಕ್ ಸಲ್ಫೇಟ್ ದ್ರಾವಣದಲ್ಲಿ ಬೆರೆಸಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿದಾಗ ಹಗುರವಾದ ಮೊಟ್ಟೆಗಳು ಮೇಲೆ ಬರುತ್ತವೆ. ಖರ್ಚು ಕಡಿಮೆ, ಕೊಕ್ಕೆಹುಳುವಿಗೆ ಚೆನ್ನಾಗಿ ಒಪ್ಪುತ್ತದೆ. ಎಕಿನೊಕಾಕಸ್ ಮತ್ತು ಇನ್ನೊಂದು ಬಗೆಯ ಲಾಡಿಹುಳುವಾದ ಟೇನಿಯಾದ ಮೊಟ್ಟೆಗಳು ಮಾತ್ರ ಕಣ್ಣಿಗೆ ಒಂದೇ ತೆರನಾಗಿ ಕಾಣುವುದರಿಂದ ಅಲ್ಲಿ ಪಿಸಿಆರ್ ಬೇಕೇ ಬೇಕು.

ಒಂದು ಪರೀಕ್ಷೆಯ ಫಲಿತಾಂಶವನ್ನು ಓದುವವರಿಗೆ ಇತರ ಪರೀಕ್ಷೆಗಳ ಫಲಿತಾಂಶ ತಿಳಿದಿರಬಾರದು. ವಾಹನ ಬಡಿದು ಸತ್ತ ನರಿಗಳು ಇಲಾಖೆಯ ಮೂಲಕ ದೊರೆತರೆ, ಕರುಳನ್ನು ತೊಳೆದು ತಳಕ್ಕಿಳಿದ ಹುಳುಗಳನ್ನು ಎಣಿಸಿದ ಲೆಕ್ಕವೇ ಅಳತೆಗೋಲಾಗಲಿ. ಯುರೋಪಿನ ಕೆಂಪುನರಿಗಳ ಅಧ್ಯಯನಗಳಲ್ಲಿ ಎಕಿನೊಕಾಕಸ್‌ಗೆ ಇದೇ ಮಾನದಂಡ. ಉದಾಹರಣೆಗೆ, 50 ನರಿಗಳ ಪೈಕಿ 20ರಲ್ಲಿ ಹುಳು ಸಿಕ್ಕು, ಪರೀಕ್ಷೆಯು ಅವುಗಳಲ್ಲಿ 14ನ್ನು ಹಿಡಿದರೆ ಸೂಕ್ಷ್ಮತೆ ಶೇ 70. ಉಳಿದ 30ರಲ್ಲಿ 27ನ್ನು ಹುಳುರಹಿತ ಎಂದರೆ ನಿರ್ದಿಷ್ಟತೆ ಶೇ 90.

ಸತ್ತ ನರಿ ಸಿಗದಿದ್ದರೆ ಎರಡು ಪರೀಕ್ಷೆಗಳ ಸಹಮತವನ್ನು, ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಲೆಕ್ಕ ಹಾಕುವ ಕಪ್ಪಾ ಮೌಲ್ಯದಿಂದ ಅಳೆಯಬಹುದು. ಅದು ಹೊಂದಾಣಿಕೆ ಹೇಳುತ್ತದೆಯೇ ಹೊರತು ಯಾವುದು ಸರಿ ಎಂಬುದನ್ನಲ್ಲ. ಹುಳು ಇನ್ನೂ ಮೊಟ್ಟೆ ಇಡದ ಅವಧಿಯಲ್ಲಿ, ಮೊಟ್ಟೆಯನ್ನೇ ಹುಡುಕುವ ಎರಡು ವಿಧಾನಗಳೂ ಒಟ್ಟಿಗೆ ಸೋಲುತ್ತವೆ. ಆದ್ದರಿಂದ ಜೋಡಿಯಲ್ಲಿ ಒಂದಾದರೂ ಹಿಕ್ಕೆಯಲ್ಲಿ ಹುಳುವಿನ ಪ್ರತಿಜನಕವನ್ನು (ಹುಳು ಹೊರಬಿಡುವ ಪ್ರೋಟೀನ್‌ನಂಥ ವಸ್ತು) ಪ್ರತಿಕಾಯಗಳ ನೆರವಿನಿಂದ ಗುರುತಿಸುವ ಎಲೈಸಾದಂಥ ಪರೀಕ್ಷೆಯಾಗಿರಲಿ.