ಫೆಬ್ರವರಿಯ ಕ್ಯಾಂಪಸ್: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಆಗಸ್ಟ್‌ನಲ್ಲಿ ಓದಲು ಬಂದಿಳಿದವರಿಗೆ ಫೆಬ್ರವರಿ ಹೊತ್ತಿಗೆ ಕ್ಯಾಂಪಸ್ ತುಂಬ ಬ್ಲ್ಯಾಕ್ ಹಿಸ್ಟರಿ ಮಂತ್‌ನ, ಅಂದರೆ ಕಪ್ಪು ಜನರ ಇತಿಹಾಸವನ್ನು ನೆನೆಯುವ ತಿಂಗಳಿನ, ಪೋಸ್ಟರುಗಳು ಕಾಣುತ್ತವೆ. ‘ಅದು ಅವರದು, ನಮಗೇನು’ ಅಂತ ದಾಟಿ ಹೋಗಬೇಡಿ. 1946ರ ಕಾನೂನಿನಲ್ಲಿ ಭಾರತಕ್ಕಿದ್ದ ವಲಸೆ ಕೋಟಾ ವರ್ಷಕ್ಕೆ ಬರೀ 100. ಆ ದೇಶವಾರು ಕೋಟಾ ಪದ್ಧತಿಯನ್ನು ಕಿತ್ತುಹಾಕಿದ 1965ರ ಕಾನೂನು ಬಂದದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಕಾವಿನಲ್ಲಿ. ನಮ್ಮವರು ಇಲ್ಲಿ ನೆಲೆಯೂರಲು ಆ ಹೋರಾಟದ ಋಣವೂ ಇದೆ.

1926ರಲ್ಲಿ ಇತಿಹಾಸಕಾರ ಕಾರ್ಟರ್ ವುಡ್ಸನ್ ಇದನ್ನು ಒಂದು ವಾರದ ಆಚರಣೆಯಾಗಿ ಶುರು ಮಾಡಿದರು. ಅದನ್ನು ತಿಂಗಳಿಗೆ ಹಿಗ್ಗಿಸಿ 1970ರಲ್ಲಿ ಆಚರಿಸಿದ್ದು ಒಹಾಯೊದ ಕೆಂಟ್ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಪಟ್ಟು ಹಿಡಿದವರು ಅಲ್ಲಿನ ಕಪ್ಪು ವಿದ್ಯಾರ್ಥಿಗಳು. ಬ್ರಿಟನ್‌ಗೆ ಹೋದವರಿಗೆ ಇದು ಅಕ್ಟೋಬರ್‌ನಲ್ಲಿ.

ಮೊದಲ ವರ್ಷ ಸುಮ್ಮನೆ ಪ್ರೇಕ್ಷಕರಾಗಿ ಹೋಗಿ. ಕಪ್ಪು ಜನರ ರಾಷ್ಟ್ರಗೀತೆ ಎನಿಸಿಕೊಂಡ ‘ಲಿಫ್ಟ್ ಎವ್ರಿ ವಾಯ್ಸ್ ಅಂಡ್ ಸಿಂಗ್’ ಹಾಡು ಶುರುವಾದರೆ ಎದ್ದು ನಿಲ್ಲಿ. ಅದರಲ್ಲಿ ಮೂರು ಚರಣಗಳಿವೆ. ಹೊಸಬರು ಮೊದಲನೆಯದು ಮುಗಿದ ಕೂಡಲೇ ಕೂತುಬಿಡುತ್ತಾರೆ, ಉಳಿದವರು ಇನ್ನೂ ನಿಂತೇ ಇರುತ್ತಾರೆ. ಹೆಜ್ಜೆ, ಚಪ್ಪಾಳೆಗಳ ತಾಳಕ್ಕೆ ತಂಡವಾಗಿ ಕುಣಿಯುವ ಸ್ಟೆಪ್ ಶೋಗಳಲ್ಲಿ ಕೂಗಿ ಹುರಿದುಂಬಿಸಬಹುದು, ಆದರೆ ಆಯಾ ಫ್ರಟರ್ನಿಟಿ, ಸೊರೋರಿಟಿಗಳ (ಹುಡುಗರ, ಹುಡುಗಿಯರ ವಿದ್ಯಾರ್ಥಿ ಸಂಘಗಳ) ಕೈಸನ್ನೆ ಮತ್ತು ಕೂಗು ಅವರ ಸದಸ್ಯರದ್ದೇ. ಅವನ್ನು ಅನುಕರಿಸಬೇಡಿ, ಅವರ ಸಾಲಿನ ನಡುವೆ ತೂರಿ ಹೋಗಬೇಡಿ.

ಮಾತಿನ ವಿಷಯ. ನಮ್ಮ ಹಳೆಯ ಪಠ್ಯಗಳಲ್ಲಿದ್ದ ‘ನೀಗ್ರೊ’ ಪದ ಇಲ್ಲಿ ಬೇಡ. ಕನ್ನಡ ಯಾರಿಗೆ ಅರ್ಥವಾಗುತ್ತದೆ ಅಂತ ‘ಕರಿಯ’ ಎನ್ನುವುದೂ ಬೇಡ. ದನಿಯಲ್ಲಿರುವ ತಾತ್ಸಾರಕ್ಕೆ ಅನುವಾದ ಬೇಕಿಲ್ಲ. ‘ಬ್ಲ್ಯಾಕ್’ ಸಾಕು. ಹಾಡಿನಲ್ಲಿ ‘ಎನ್’ ಅಕ್ಷರದಿಂದ ಶುರುವಾಗುವ ಆ ಇನ್ನೊಂದು ಬೈಗುಳ ಬಂದರೆ ಜೊತೆಗೆ ಹಾಡದೆ ಬಾಯಿ ಮುಚ್ಚಿಕೊಳ್ಳಿ. ಯಾರ ಕೂದಲನ್ನೂ ಮುಟ್ಟಬೇಡಿ.

ಊಟಕ್ಕೆ ಬಂದರೆ, ತಟ್ಟೆಯಲ್ಲಿ ಕಾಣುವ ಬ್ಲ್ಯಾಕ್ ಐಡ್ ಪೀಸ್ ನಮ್ಮ ಅಲಸಂದೆ ಕಾಳೇ, ಹೊಟ್ಟೆಯ ಮೇಲೆ ಕಪ್ಪು ಚುಕ್ಕೆ ಸಮೇತ. ಅಲಸಂದೆಯ ಮೂಲ ಆಫ್ರಿಕ. ಸಸ್ಯಾಹಾರಿಗಳು ಮಾತ್ರ ಕೇಳಿಯೇ ತಿನ್ನಬೇಕು: ಕಾಳನ್ನೂ ಕಾಲರ್ಡ್ ಸೊಪ್ಪನ್ನೂ ಹೆಚ್ಚಾಗಿ ಹೊಗೆ ಹಾಕಿದ ಹಂದಿಮಾಂಸ ಅಥವಾ ಟರ್ಕಿ ಕೋಳಿ ಹಾಕಿ ಬೇಯಿಸುತ್ತಾರೆ. ತುಂಡುಗಳನ್ನು ಪಕ್ಕಕ್ಕೆ ಸರಿಸಿ ಪ್ರಯೋಜನವಿಲ್ಲ, ರಸವೆಲ್ಲ ಅದರದ್ದೇ. ಕಾರ್ನ್‌ಬ್ರೆಡ್‌ಗೂ ಕೆಲವರು ಬೇಕನ್ (ಹಂದಿಮಾಂಸ) ಕೊಬ್ಬು ಹಾಕುತ್ತಾರೆ.

ಎರಡನೇ ವರ್ಷ ಕನ್ನಡ ಸಂಘದಿಂದ ಕೈಜೋಡಿಸಬೇಕೆನಿಸಿದರೆ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ನನ್ನು ಅಕ್ಟೋಬರ್‌ನಲ್ಲೇ ಕಾಣಿ. ಜನವರಿಗೆ ಹೋದರೆ ಸಭಾಂಗಣ, ದುಡ್ಡು, ಕಾರ್ಯಕ್ರಮ ಎಲ್ಲ ನಿಗದಿಯಾಗಿಹೋಗಿರುತ್ತದೆ. ನಿಮ್ಮ ಯೋಜನೆ ಹೊತ್ತುಕೊಂಡು ಹೋಗದೆ ‘ಏನು ಸಹಾಯ ಬೇಕು’ ಅಂತ ಕೇಳಿ. ಕುರ್ಚಿ ಜೋಡಿಸುವುದಕ್ಕೆ 6 ಜನ ಖಚಿತವಾಗಿ ಬರುತ್ತೇವೆ ಎಂದರೆ, ಬಾಲಿವುಡ್ ಡ್ಯಾನ್ಸಿಗಿಂತ ಅದಕ್ಕೆ ಬೆಲೆ ಹೆಚ್ಚು.

ಅವರೇ ಕರ್ನಾಟಕದ ಬಗ್ಗೆ ಕೇಳಿದರೆ ಸಿದ್ದಿಯರ ಬಗ್ಗೆ ಹೇಳಿ. ಯಲ್ಲಾಪುರ, ಹಳಿಯಾಳದ ಸುತ್ತ ನೆಲೆಸಿರುವ ಇವರ ಪೂರ್ವಜರು ಆಫ್ರಿಕದವರು, ಎಷ್ಟೋ ಜನರನ್ನು ಗುಲಾಮರಾಗಿ ತಂದದ್ದು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಮುಖಕ್ಕೆ ಬಣ್ಣ ಬಳಿದುಕೊಂಡು ಸಿದ್ದಿ ಕುಣಿತ ಮಾಡುವ ಯೋಚನೆ ಬಂದರೆ ಅಲ್ಲೇ ನಿಲ್ಲಿಸಿ. ಮುಖಕ್ಕೆ ಮಸಿ ಬಳಿದು ಗೇಲಿ ಮಾಡುವುದು ಇಲ್ಲಿ ಹಳೆಯ ಗಾಯ. ಬದಲಿಗೆ ಸಿದ್ದಿ ಹೆಂಗಸರು ಹೊಲಿದ ಒಂದು ಕೌದಿಯನ್ನು ಕೊಂಡು ತರಿಸಿ, ಮೇಜಿನ ಮೇಲೆ ಹರಡಿ. ನಾಲ್ಕು ಮೂಲೆಗೂ ಬಟ್ಟೆಯ ಚೂರು ಮಡಿಸಿ ಹೊಲಿದ ‘ಫೂಲ್’ (ಹೂವು) ಇರುತ್ತದೆ, ಅದನ್ನು ಮಡಚಿ ಮುಚ್ಚಬೇಡಿ. ಅದಿಲ್ಲದೆ ಕೌದಿ ಮುಗಿದಂತಲ್ಲ ಎಂಬುದು ಹೊಲಿದವರ ಲೆಕ್ಕ.