ಒಂಬತ್ತು ಗಂಟೆ ಐದು ನಿಮಿಷದ ಅರಮನೆ

ನವೆಂಬರ್‌ನಲ್ಲಿ ಅಥೆನ್ಸ್ ಕಡೆಯಿಂದ ಹಡಗಿನಲ್ಲಿ ಹೊರಟ ನಮಗೆ ಇಸ್ತಾನ್‌ಬುಲ್‌ನಲ್ಲಿ ಸಿಕ್ಕಿದ್ದು ಒಂದೇ ಹಗಲು. ಹಡಗಿನವರ ಬಸ್ ಟೂರ್‌ನಲ್ಲಿ ನೋಡೋಕೆ ಆರು ಜಾಗ ಇದ್ದವು. ನನಗೆ ಬೇಕಿದ್ದದ್ದು ಒಂದೇ, ಡೋಲ್ಮಬಾಹ್ಚೆ ಅರಮನೆ. ಹಾಗಾಗಿ ನಾನೂ ಹೆಂಡತಿಯೂ ನಮ್ಮ ಪಾಡಿಗೆ ಹೊರಟೆವು.

ಹಡಗು ನಿಲ್ಲುವ ಗಲಾಟಾಪೋರ್ಟ್‌ನಿಂದ ಅದು ಹತ್ತಿರವೇ. ತೋಫಾನೆಯಲ್ಲಿ ಟ್ರಾಮ್ ಹತ್ತಿ, ಕೊನೆಯ ಸ್ಟಾಪ್ ಕಬಾತಾಶ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಸಾಕು. ಸೋಮವಾರ ರಜೆ, ಅದೊಂದು ನೆನಪಿರಲಿ.

ಒಳಗೆ ಫೋಟೊ ತೆಗೆಯುವಂತಿಲ್ಲ. ಶೂ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸರಸರ ಸದ್ದು ಮಾಡುತ್ತಾ ನಡೆಯಬೇಕು. 285 ಕೋಣೆ, 46 ಹಾಲ್. ಕಟ್ಟಿಸಿದ್ದು ಆಗ ಟರ್ಕಿಯನ್ನು ಆಳುತ್ತಿದ್ದ ಆಟೊಮನ್ ಸುಲ್ತಾನ್ ಅಬ್ದುಲ್ ಮಜೀದ್, 1843ರಿಂದ 1856ರವರೆಗೆ. ಚಾವಣಿಗೆ ಬಳಿದ ಚಿನ್ನವೇ 14 ಟನ್ ಅಂತಾರೆ. ಕೆಲಸ ನಡೀತಿರುವಾಗಲೇ, 1854ರಲ್ಲಿ, ಆಟೊಮನ್ ಸರ್ಕಾರ ಮೊದಲ ಸಲ ಹೊರದೇಶದಿಂದ ಸಾಲ ಎತ್ತಿತ್ತು. ರಷ್ಯಾ ಜೊತೆಗಿನ ಕ್ರಿಮಿಯಾ ಯುದ್ಧದ ಖರ್ಚಿಗೆ ಅನ್ನೋದು ನಿಜ, ಆದರೂ ಆ ಚಿನ್ನ ನೋಡುವಾಗ ಸಾಲದ ನೆನಪು ಬರದೆ ಇರುತ್ತಾ?

ಸ್ಫಟಿಕದ ಕಂಬಿಗಳ ಮೆಟ್ಟಿಲು ಚೆನ್ನಾಗಿದೆ. ಆದರೆ ಕಾಲು ನಿಂತಿದ್ದು ದರ್ಬಾರ್ ಹಾಲ್‌ನಲ್ಲಿ. 36 ಮೀಟರ್ ಎತ್ತರದ ಗುಮ್ಮಟದಿಂದ ನಾಲ್ಕೂವರೆ ಟನ್ನಿನ ತೂಗುದೀಪ, 750 ದೀಪಗಳದ್ದು, ತೂಗುತ್ತಿದೆ. ಅದರ ನೇರ ಕೆಳಗೆ ನಿಲ್ಲೋಕೆ ಹೆಂಡತಿ ಒಪ್ಪಲೇ ಇಲ್ಲ.

ಅಷ್ಟರಲ್ಲಿ ಫೋನ್ ನೋಡಿದೆ, ಮೂರೂವರೆ. ನಾಲ್ಕೂವರೆಗೆ ಹಡಗಿನಲ್ಲಿರಬೇಕು. ಪಕ್ಕದ ಚಿತ್ರಗಳ ಮ್ಯೂಸಿಯಂ ಬಿಟ್ಟು, ಹರಮ್ (ಅಂತಃಪುರ) ಭಾಗದ ಒಂದೇ ಒಂದು ಕೋಣೆಗೆ ಓಡಿದೆವು. ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ 1938ರ ನವೆಂಬರ್ 10ರಂದು ತೀರಿಕೊಂಡ ಕೋಣೆ. ಚಿನ್ನದ ಅಬ್ಬರದ ನಡುವೆ ಒಂದು ಮರದ ಮಂಚ, ಅದರ ಮೇಲೆ ಹೊದಿಸಿದ ಕೆಂಪು ಬಾವುಟ. ಗಡಿಯಾರ 9:05ಕ್ಕೆ ನಿಂತಿದೆ, ಅವರು ಹೋದ ಹೊತ್ತು. ಎಲ್ಲರೂ ಪಿಸುಮಾತಿನಲ್ಲಿದ್ದರು. ನನಗೋ ನನ್ನ ಗಡಿಯಾರದ್ದೇ ಚಿಂತೆ.

ಏದುಸಿರು ಬಿಡುತ್ತಾ ಹಡಗು ಸೇರಿದರೆ ಅಲ್ಲಿನ ಗಡಿಯಾರದಲ್ಲಿ ಇನ್ನೂ ಮೂರು ಗಂಟೆ! ಚಳಿಗಾಲದಲ್ಲಿ ಗ್ರೀಸ್ ಒಂದು ಗಂಟೆ ಹಿಂದೆ, ಹಡಗು ಅದೇ ಟೈಮ್ ಇಟ್ಟುಕೊಂಡಿತ್ತು. ಫೋನ್ ಮಾತ್ರ ತಾನಾಗಿ ಟರ್ಕಿಗೆ ಬದಲಾಗಿತ್ತು. ಮ್ಯೂಸಿಯಂ ಸುಮ್ನೆ ತಪ್ಪಿತು. ಹೆಂಡತಿ ಇವತ್ತಿಗೂ ಟೈಮ್ ಕೇಳಿದರೆ, 'ನಿಮ್ಮದಾ, ಹಡಗಿನದಾ?' ಅಂತಾಳೆ.